ಹಾನಿಮನ್ ಮೊದಲು ಬರೆದದ್ದು ಯಾವುದು? ಆರ್ಗನಾನ್ ಯಾವ ಆವೃತ್ತಿ ಓದ್ಬೇಕು?

ಸುಮ್ನೆ_ಓದೋನು
ಎಲ್ರಿಗೂ ನಮಸ್ಕಾರ. ಹೋಮಿಯೋಪಥಿ ಕೆಲ್ಸ ಮಾಡುತ್ತಾ ಇಲ್ವಾ ಅನ್ನೋ ಜಗಳಕ್ಕೆ ಈ ಥ್ರೆಡ್ ಅಲ್ಲ, ಅದಕ್ಕೆ ಬೇಕಾದಷ್ಟು ಥ್ರೆಡ್‌ಗಳಿವೆ (ಆದ್ರೂ ಇಲ್ಲೂ ಶುರು ಆಗೇ ಆಗುತ್ತೆ, ಗೊತ್ತು). ನಂಗೆ ಬೇಕಿರೋದು ಇತಿಹಾಸ. ಎಲ್ಲಿ ಓದಿದ್ರೂ ಒಂದೇ ಕಥೆ: 1790ರಲ್ಲಿ ಜರ್ಮನ್ ವೈದ್ಯ ಸ್ಯಾಮುಯೆಲ್ ಹಾನಿಮನ್ ಚಳಿಜ್ವರಕ್ಕೆ ಕೊಡೋ ಸಿಂಕೋನಾ ತೊಗಟೆ ತಿಂದ್ರು, ಚಳಿಜ್ವರದ ಥರಾನೇ ಆಯ್ತು, ಆರೋಗ್ಯವಂತರಿಗೆ ರೋಗದ ಥರ ಲಕ್ಷಣ ತರೋದೇ ಆ ರೋಗಕ್ಕೆ ಔಷಧಿ ಅನ್ನೋ ಹೋಮಿಯೋಪಥಿ ಹುಟ್ಟಿಬಿಡ್ತು, 1810ರಲ್ಲಿ ಅದರ ಮೂಲಗ್ರಂಥ ಆರ್ಗನಾನ್ ಬಂತು. ಮಧ್ಯೆ 20 ವರ್ಷ ಈ ಮನುಷ್ಯ ಏನ್ ಮಾಡ್ತಿದ್ರು? ಇನ್ನೊಂದು, ಅಂಗಡೀಲಿ ಸಿಗೋ ಆರ್ಗನಾನ್‌ನಲ್ಲಿ 5 ಮತ್ತು 6ನೇ ಆವೃತ್ತಿ ಒಟ್ಟಿಗೆ ಕಟ್ಟಿರ್ತಾರೆ, ಔಷಧಿನ ಹಂತ ಹಂತವಾಗಿ ತೆಳು ಮಾಡ್ವಾಗ ಒಂದರಲ್ಲಿ ಸೀಸೆ ಎರಡು ಸಲ ಕುಲುಕು ಅಂತಿದೆ, ಇನ್ನೊಂದರಲ್ಲಿ ನೂರು ಸಲ ಅಂತಿದೆ. 6ನೇದು ಅಚ್ಚಾಗಿದ್ದು 1921ರಲ್ಲಂತೆ, ಆದ್ರೆ ಪುಣ್ಯಾತ್ಮ ತೀರ್ಕೊಂಡಿದ್ದು 1843ರಲ್ಲಿ. ತಲೆ ಕೆಟ್ಟೋಯ್ತು, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಗುಳಿಗೆ_ಗುಂಡಣ್ಣ
ನೀರನ್ನ ಎರಡು ಸಲ ಕುಲುಕಿದ್ರೂ ನೀರೇ, ನೂರು ಸಲ ಕುಲುಕಿದ್ರೂ ನೀರೇ. ಥ್ರೆಡ್ ಮುಗೀತು.

ಸುಮ್ನೆ_ಓದೋನು
ಎರಡನೇ ಕಾಮೆಂಟಿಗೇ ಬಂದ್ಬಿಟ್ರಾ ಗುಂಡಣ್ಣ 😀

ಹಳೇಪುಸ್ತಕ
ಒಳ್ಳೇ ಪ್ರಶ್ನೆ. 1790ರ ಕಥೆಯಿಂದಾನೇ ಶುರು ಮಾಡೋಣ, ಯಾಕಂದ್ರೆ ಅದು ಪುಸ್ತಕಾನೂ ಅಲ್ಲ ಲೇಖನಾನೂ ಅಲ್ಲ, ಬರೀ ಅಡಿಟಿಪ್ಪಣಿ. ಆಗ ಹಾನಿಮನ್‌ಗೆ 35 ವಯಸ್ಸು, ಮನೆ ತುಂಬ ಮಕ್ಕಳು, ವೈದ್ಯ ವೃತ್ತಿ ಮೇಲೆ ಬೇಜಾರು ಬಂದು ಹೆಚ್ಚುಕಮ್ಮಿ ಬಿಟ್ಟೇಬಿಟ್ಟಿದ್ರು, ಹೊಟ್ಟೆಪಾಡಿಗೆ ಅನುವಾದ. ಎಡಿನ್‌ಬರೋದ ದೊಡ್ಡ ಪ್ರೊಫೆಸರ್ ವಿಲಿಯಂ ಕಲೆನ್ ಬರೆದ ಔಷಧಿಗಳ ಪುಸ್ತಕಾನ ಜರ್ಮನ್‌ಗೆ ತರ್ತಿದ್ರು. ಸಿಂಕೋನಾ ಜ್ವರ ಇಳಿಸೋದು ಅದರ ಕಹಿ ಒಗರಿನಿಂದ, ಅದು ಹೊಟ್ಟೆಗೆ ಬಲ ಕೊಡುತ್ತೆ ಅಂತ ಕಲೆನ್ ವಾದ. ಹಾನಿಮನ್‌ಗೆ ಒಪ್ಪಿಗೆ ಆಗ್ಲಿಲ್ಲ, ಕಹಿ ಒಗರು ಎರಡೂ ಇದಕ್ಕಿಂತ ಜಾಸ್ತಿ ಇರೋ ಮಿಶ್ರಣ ಮಾಡಬಹುದು, ಅದ್ಯಾಕೆ ಜ್ವರ ಇಳಿಸಲ್ಲ ಅಂತ ಕೇಳಿದ್ರು. ಆಮೇಲೆ ತಾವೇ ತಿಂದು ನೋಡಿದ್ರು.

ಎಷ್ಟು ತಿಂದ್ರು ಅನ್ನೋದನ್ನ ಗಮನಿಸಿ. ದಿನಕ್ಕೆರಡು ಸಲ, ಪ್ರತಿ ಸಲ ನಾಲ್ಕು ಡ್ರಾಮ್, ಅಂದ್ರೆ ಹತ್ತಿರ ಹತ್ತಿರ 15 ಗ್ರಾಂ ತೊಗಟೆ ಪುಡಿ. ಕಾಲು, ಬೆರಳ ತುದಿ ತಣ್ಣಗಾಯ್ತು, ಸುಸ್ತು, ತೂಕಡಿಕೆ, ಎದೆ ಡವಡವ, ನಾಡಿ ಜೋರು, ಬಾಯಾರಿಕೆ, ಕೆನ್ನೆ ಕೆಂಪು. ಎರಡ್ಮೂರು ಗಂಟೆ ಇದ್ದು ಹೋಗ್ತಿತ್ತು, ಮತ್ತೆ ತಿಂದ್ರೆ ಮತ್ತೆ ಬರ್ತಿತ್ತು, ನಿಲ್ಲಿಸಿದ ಮೇಲೆ ಸರಿಹೋದೆ ಅಂತ ಬರ್ಕೊಂಡಿದ್ದಾರೆ. ಮಲೇರಿಯಾದ ಗುರುತೇ ಆದ ಆ ಹಲ್ಲು ಕಟಕಟ ಅನ್ನೋ ನಡುಕ ಮಾತ್ರ ಬರ್ಲಿಲ್ಲ ಅಂತಾನೂ ಅಲ್ಲೇ ಇದೆ, ಅದನ್ನ ಯಾರೂ ಹೇಳಲ್ಲ. ನಾವು ಇವತ್ತು ನೋಡೋ ಸಕ್ಕರೆ ಗುಳಿಗೆಗೂ ಆ ಚಮಚಗಟ್ಟಲೆ ಪುಡಿಗೂ ಸಂಬಂಧಾನೇ ಇಲ್ಲ.

ಕೆಮಿಸ್ಟ್ರಿ_ಮೇಷ್ಟ್ರು
👆 ಇದು ಮುಖ್ಯ. ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದ್ದು 1820ರಲ್ಲಿ, ಪೆಲೆಟಿಯೆ ಮತ್ತು ಕಾವೆಂಟು. ಮಲೇರಿಯಾ ಪರೋಪಜೀವಿನ ಲಾವೆರಾನ್ ಕಂಡಿದ್ದು 1880, ಸೊಳ್ಳೆ ಹೊಟ್ಟೇಲಿ ಅದನ್ನ ರಾಸ್ ಕಂಡಿದ್ದು 1897ರಲ್ಲಿ ಸಿಕಂದರಾಬಾದ್‌ನಲ್ಲಿ. ಕ್ವಿನೈನ್ ಕೆಲ್ಸ ಮಾಡೋದು ಪರೋಪಜೀವಿನ ಕೊಂದು, ಆರೋಗ್ಯವಂತರಿಗೆ ಜ್ವರ ತರಿಸುತ್ತೆ ಅಂತ ಅಲ್ಲ. ಹಾನಿಮನ್‌ಗೆ ಆಗಿದ್ದು ಅಲರ್ಜಿ ಥರದ ಪ್ರತಿಕ್ರಿಯೆ ಇರಬಹುದು ಅಂತ ಆಮೇಲೆ ಹಲವರು ಬರೆದಿದ್ದಾರೆ. ಆಮೇಲಿನವರು ತಿಂದು ನೋಡಿದಾಗ ಸಾಮಾನ್ಯವಾಗಿ ಆ ಥರ ಜ್ವರ ಬರ್ಲೇ ಇಲ್ಲ. ಅಂದ್ರೆ ಇಡೀ ಕಟ್ಟಡದ ತಳಪಾಯ ಒಬ್ಬ ಮನುಷ್ಯನ ಮೈಗುಣ.

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
ಸರ್, ಅದು ಒಂದೇ ಪ್ರಯೋಗ ಅಲ್ಲ. ಅಡಿಟಿಪ್ಪಣಿ ಬರೆದ ಮೇಲೆ ಆರು ವರ್ಷ ಕಾದು 1796ರಲ್ಲಿ ಹುಫೆಲಾಂಡ್ ನಡೆಸ್ತಿದ್ದ ವೈದ್ಯ ಪತ್ರಿಕೇಲಿ ಉದ್ದದ ಪ್ರಬಂಧ ಬರೆದ್ರು, ಔಷಧಿಗಳ ಗುಣ ಕಂಡುಹಿಡಿಯೋಕೆ ಹೊಸ ತತ್ವ ಅಂತ. ನಮ್ ಹೋಮಿಯೋಪಥಿ ಕಾಲೇಜಲ್ಲಿ ಹೋಮಿಯೋಪಥಿ ಹುಟ್ಟಿದ ವರ್ಷ ಅಂತ ಹೇಳ್ಕೊಡೋದು ಅದನ್ನೇ, 1790 ಅಲ್ಲ 1810ನೂ ಅಲ್ಲ. ಹುಫೆಲಾಂಡ್ ಆಗಿನ ಕಾಲದ ತುಂಬ ದೊಡ್ಡ ಡಾಕ್ಟರು, ಸುಮ್ನೆ ಯಾವ್ದೋ ಗಲ್ಲಿ ಪತ್ರಿಕೆ ಅಲ್ಲ.

ಹಳೇಪುಸ್ತಕ
ಸರಿ ಹೇಳಿದ್ರಿ. ನನ್ ಕೇಳಿದ್ರೆ ಹಾನಿಮನ್ ಬರೆದದ್ರಲ್ಲಿ ಓದೋಕೆ ಯೋಗ್ಯವಾದದ್ದು ಆ 1796ರ ಪ್ರಬಂಧಾನೇ. ಯಾಕಂದ್ರೆ ಅಲ್ಲಿ ಅವ್ರಿನ್ನೂ ಗುರು ಆಗಿಲ್ಲ, ಡೌಟು ಇರೋ ಡಾಕ್ಟರು. ರೋಗದ ಕಾರಣ ಗೊತ್ತಿದ್ರೆ ಕಾರಣ ತೆಗೀರಿ, ವಿರುದ್ಧ ಗುಣದ ಔಷಧಿ ತುರ್ತಿಗೆ ಸರಿ ಆದ್ರೆ ಹಳೇ ಕಾಯಿಲೆಗೆ ಬೇಡ, ದೀರ್ಘಕಾಲದ ರೋಗಕ್ಕೆ ಮಾತ್ರ ಹೋಲೋ ಲಕ್ಷಣ ತರೋ ಔಷಧಿ ಹುಡುಕಿ ಅಂತಾರೆ. ಎಲ್ಲಕ್ಕೂ ಇದೊಂದೇ ದಾರಿ ಅನ್ನೋ ಹಠ ಇನ್ನೂ ಬಂದಿಲ್ಲ. ಡೋಸೂ ಮಾಮೂಲಿ ಡೋಸೇ.

ಫಿಲ್ಟರ್_ಕಾಫಿ
ಹಂಗಾದ್ರೆ ಈ ನೀರು ಬೆರೆಸೋ ಕೆಲ್ಸ ಯಾವಾಗ ಶುರುವಾಯ್ತು? ಕುದುರೆ ಗಾಡೀಲಿ ಹೋಗ್ವಾಗ ಔಷಧಿ ಕುಲುಕಿ ಕುಲುಕಿ ಪವರ್ ಜಾಸ್ತಿ ಆಗಿದ್ದು ಕಂಡು ಅಂತ ಯಾರೋ ಹೇಳಿದ್ರು

ಹಳೇಪುಸ್ತಕ
ಕುದುರೆ ಗಾಡಿ ಕಥೆ ಆರ್ಗನಾನ್‌ನಲ್ಲಂತೂ ಇಲ್ಲ, ಆಮೇಲಿನವರು ಕಟ್ಟಿದ್ದು. 1801ರಲ್ಲಿ ಸ್ಕಾರ್ಲೆಟ್ ಜ್ವರದ ಬಗ್ಗೆ ಒಂದು ಕಿರುಪುಸ್ತಕ ತಂದ್ರು, ಬೆಲಡೋನಾ ಅನ್ನೋ ವಿಷದ ಗಿಡದ ಔಷಧಿನ ತೀರಾ ಸಣ್ಣ ಪ್ರಮಾಣದಲ್ಲಿ ಕೊಟ್ರೆ ಜ್ವರ ಬರದಂಗೆ ತಡೆಯುತ್ತೆ ಅಂತ. ದುರ್ಬಲಗೊಳಿಸಿದ ಡೋಸು ಎದ್ದು ಕಾಣೋದು ಅಲ್ಲಿಂದ. ಶುರೂನಲ್ಲಿ ಅದಕ್ಕೆ ಕಾರಣ ಸಿಂಪಲ್ಲು: ರೋಗಕ್ಕೆ ಹೋಲೋ ಲಕ್ಷಣ ತರೋ ವಿಷವನ್ನೇ ಕೊಡ್ತಿದೀವಿ, ಪೂರ್ತಿ ಡೋಸ್ ಕೊಟ್ರೆ ರೋಗಿ ಇನ್ನೂ ಹಾಳಾಗ್ತಾನೆ, ಕಡಿಮೆ ಮಾಡೋಣ. ಅಲ್ಲೀತನಕ ತರ್ಕ ಇದೆ. ಕಡಿಮೆ ಮಾಡಿದಷ್ಟೂ ಶಕ್ತಿ ಜಾಸ್ತಿ, ತಿಕ್ಕಿದ್ರೆ ಕುಲುಕಿದ್ರೆ ಔಷಧಿ ಒಳಗಿನ ಚೇತನ ಎದ್ದು ಬರುತ್ತೆ ಅನ್ನೋದು ಆಮೇಲಿನ ಮಾತು.

ಗುಳಿಗೆ_ಗುಂಡಣ್ಣ
"ಚೇತನ ಎದ್ದು ಬರುತ್ತೆ" 😂 ಅವಗಾಡ್ರೊ 1811ರಲ್ಲೇ ಬರೆದಿದ್ದ, ಇವ್ರು ಓದ್ಬಾರದಿತ್ತಾ

ಕೆಮಿಸ್ಟ್ರಿ_ಮೇಷ್ಟ್ರು
ಗುಂಡಣ್ಣ, ಅದು ಅನ್ಯಾಯ. 1811ರಲ್ಲಿ ಅವಗಾಡ್ರೊ ಹೇಳಿದ್ದು ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ ಅಂತ ಮಾತ್ರ, ಎಷ್ಟು ಅಂತ ಅವನಿಗೂ ಗೊತ್ತಿರಲಿಲ್ಲ. ಅಣುಗಳ ಗಾತ್ರದ ಮೊದಲ ಒಳ್ಳೇ ಅಂದಾಜು ಕೊಟ್ಟಿದ್ದು ಲೋಶ್ಮಿಟ್, 1865ರಲ್ಲಿ. ಹಾನಿಮನ್ ಸತ್ತು 22 ವರ್ಷ ಆಗಿತ್ತು. ಈಗಿನ ಲೆಕ್ಕ ಹೇಳೋದಾದ್ರೆ, 1ಕ್ಕೆ 100ರ ಪ್ರಮಾಣದಲ್ಲಿ 12 ಸಲ ತೆಳು ಮಾಡಿದ್ರೆ 10ರ ಘಾತ 24ರಷ್ಟು ತೆಳು, ಅಲ್ಲಿಗೆ ಮೂಲ ವಸ್ತುವಿನ ಒಂದು ಅಣು ಉಳಿದಿದ್ರೆ ಅದೃಷ್ಟ. 30ಸಿ ಅಂದ್ರೆ ಹೀಗೆ 30 ಸಲ ಮಾಡಿದ್ದು, 10ರ ಘಾತ 60. ಆ ಮನುಷ್ಯನಿಗೆ ಇದು ಗೊತ್ತಿರೋಕೆ ಸಾಧ್ಯ ಇರ್ಲಿಲ್ಲ, ಕ್ಷಮಿಸ್ತೀನಿ. ಇವತ್ತಿನ ಅಂಗಡಿಯವರಿಗೆ ಆ ರಿಯಾಯಿತಿ ಇಲ್ಲ.

ಧಾರವಾಡ_ಪೇಢಾ
ಏನ್ರೀ ಮೇಷ್ಟ್ರ, ನಮ್ಮ ಅಜ್ಜಾರ ಕಡೆ ಒಂದು ಕಟ್ಟಿಗಿ ಪೆಟ್ಟಿಗಿ ಇತ್ತು, ಒಳಗ ಸಣ್ಣ ಸಣ್ಣ ಸೀಸೆ, ಬಿರಡಿ ಮ್ಯಾಲೆ ಇಂಕಿನಾಗ ಆರ್ಸ, ಬ್ರಯೋ, ನಕ್ಸ ಅಂತ ಅರ್ಧರ್ಧ ಹೆಸರು. ಓಣಿ ಮಂದಿ ಎಲ್ಲಾ ರಾತ್ರಿ ಹೊತ್ತಿಗೆ ಬಂದು ಬಾಗಿಲ ಬಡೀತಿದ್ರು. ರೊಕ್ಕ ತೊಗೊಂತಿರಲಿಲ್ಲ. ಹುಡುಗ್ರು ನಾವು ಸಕ್ರಿ ಗುಳಿಗಿ ಆಸೆಗೆ ಹೊಟ್ಟಿನೋವು ಅಂತ ಸುಳ್ಳ ಹೇಳಿ ತಿಂತಿದ್ವಿ, ಏನೂ ಆಗಿಲ್ಲ ನೋಡ್ರಿ.

ಗುಳಿಗೆ_ಗುಂಡಣ್ಣ
ಏನೂ ಆಗಿಲ್ಲ ಅನ್ನೋದೇ ನನ್ನ ಪಾಯಿಂಟು 😀

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
ಎಲ್ರೂ ನಗೋದು ಸುಲಭ. ಆಗಿನ ಡಾಕ್ಟರುಗಳು ಏನ್ ಮಾಡ್ತಿದ್ರು ಅಂತಾನೂ ನೋಡ್ಬೇಕಲ್ವಾ. 1792ರಲ್ಲಿ ಪವಿತ್ರ ರೋಮನ್ ಚಕ್ರವರ್ತಿ, ಆಸ್ಟ್ರಿಯಾದ 2ನೇ ಲಿಯೋಪೋಲ್ಡ್ ಜ್ವರ ಬಂದು ಮಲಗಿದ್ರೆ ಆಸ್ಥಾನ ವೈದ್ಯರು ನಾಲ್ಕು ಸಲ ರಕ್ತ ತೆಗೆದ್ರು, ಆ ಮನುಷ್ಯ ಹೋಗೇಬಿಟ್ಟ. ಹಾನಿಮನ್ ಸುಮ್ನಿರದೆ ಪತ್ರಿಕೇಲಿ ಬಹಿರಂಗವಾಗಿ ಕೇಳಿದ್ರು, ಒಂದು ಸಲ ತೆಗೆದಾಗ ಗುಣ ಕಾಣ್ಲಿಲ್ಲ, ಮತ್ತೆ ಮತ್ತೆ ಯಾಕ್ ತೆಗೆದ್ರಿ ಅಂತ. ಪಾದರಸ, ಆಂಟಿಮನಿ, ಜಿಗಣೆ, ವಾಂತಿ ಮಾಡ್ಸೋದು, ಭೇದಿ ಮಾಡ್ಸೋದು, ಇದೇ ಆಗಿನ ಚಿಕಿತ್ಸೆ. ಏನೂ ಮಾಡದೆ ಇದ್ದಿದ್ರೂ ಎಷ್ಟೋ ಜನ ಉಳೀತಿದ್ರು.

ಕೆಮಿಸ್ಟ್ರಿ_ಮೇಷ್ಟ್ರು
ನೀವು ಈಗ ಹೇಳಿದ ಕೊನೇ ವಾಕ್ಯದಲ್ಲೇ ಉತ್ತರ ಇದೆ ತಮ್ಮಾ, ಮತ್ತೊಂದ್ಸಲ ಓದ್ಕೊಳ್ಳಿ. 1854ರ ಕಾಲರಾದಲ್ಲಿ ಲಂಡನ್‌ನ ಹೋಮಿಯೋಪಥಿ ಆಸ್ಪತ್ರೇಲಿ ಸತ್ತೋರು ಶೇ. 16.4, ಬೇರೆ ಕಡೆ ಶೇ. 51.8 ಅಂತ ಎಲ್ಲಾ ಹೋಮಿಯೋಪಥಿ ಪುಸ್ತಕದಲ್ಲೂ ಇರುತ್ತೆ. ಬೇರೆ ಕಡೆ ಕಾಲರಾ ರೋಗಿಗೆ ರಕ್ತ ತೆಗೆದು ಕ್ಯಾಲೊಮೆಲ್ ಅನ್ನೋ ಪಾದರಸದ ಔಷಧಿ ಕುಡಿಸ್ತಿದ್ರು. ಮೈಯಲ್ಲಿ ನೀರೇ ಇಲ್ದಿರೋನಿಗೆ ರಕ್ತ ತೆಗೆದ್ರೆ ಇನ್ನೇನಾಗುತ್ತೆ? ಗುಳಿಗೆ ಗೆದ್ದಿದ್ದಲ್ಲ, ಕತ್ತಿ ಸೋತಿದ್ದು.

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
ಅದು ನಿಮ್ಮ ವ್ಯಾಖ್ಯಾನ.

ಮಲ್ಲಿಗೆ_ಮನೆ
ಇದೆಲ್ಲಾ ನಮ್ಮಲ್ಲಿ ಮೊದ್ಲಿಂದ ಇತ್ತು ರೀ. ವಿಷಸ್ಯ ವಿಷಮೌಷಧಂ. ಮುಳ್ಳನ್ನ ಮುಳ್ಳಿಂದಾನೇ ತೆಗೀಬೇಕು ಅಂತ ನಮ್ಮಜ್ಜಿ ಹೇಳ್ತಿದ್ರು. ಆಯುರ್ವೇದದಲ್ಲಿ ವಿಪರೀತಾರ್ಥಕಾರಿ ಅಂತಾನೇ ಇದೆ, ವಾಂತಿಗೆ ವಾಂತಿ ಮಾಡಿಸೋ ಮದನಫಲ ಕೊಡೋದು. ಜರ್ಮನಿಯವರು ನಮ್ಮಿಂದಾನೇ ತಗೊಂಡಿರೋದು.

ಹಳೇಪುಸ್ತಕ
ವಿಪರೀತಾರ್ಥಕಾರಿ ಇರೋದು ನಿಜ, ಆದ್ರೆ ತಗೊಂಡ್ರು ಅನ್ನೋಕೆ ಆಧಾರ ಬೇಕು. ಹಾನಿಮನ್ ತಮಗಿಂತ ಮುಂಚಿನವರ ಹೆಸರನ್ನ ಆರ್ಗನಾನ್‌ನಲ್ಲೇ ಕೊಟ್ಟಿದ್ದಾರೆ, ಹಿಪೊಕ್ರೇಟಿಸ್ ಹೆಸರಲ್ಲಿರೋ ಬರಹ, ಡೆನ್ಮಾರ್ಕ್ ಸೈನ್ಯದ ವೈದ್ಯ ಸ್ಟಾಲ್, ಇವ್ರೆಲ್ಲಾ ಇದರ ಹತ್ತಿರ ಬಂದಿದ್ರು ಅಂತ. ಆರೋಗ್ಯವಂತರ ಮೇಲೆ ಮೊದ್ಲು ಪರೀಕ್ಷೆ ಮಾಡಿ ಅಂತ ಹಾಲರ್ ಆಗ್ಲೇ ಹೇಳಿದ್ದ, ಅದನ್ನೂ ಒಪ್ಪಿಕೊಂಡಿದ್ದಾರೆ. ವಿಯೆನ್ನಾದ ಸ್ಟೋರ್ಕ್ 1760ರ ಹೊತ್ತಿಗೇ ಹೆಮ್ಲಾಕ್ ಥರದ ವಿಷದ ಗಿಡಗಳನ್ನ ತಾನೇ ತಿಂದು ಪರೀಕ್ಷೆ ಮಾಡ್ತಿದ್ದ, ಹಾನಿಮನ್ ಓದಿದ್ದೂ ಸ್ವಲ್ಪ ದಿನ ವಿಯೆನ್ನಾದಲ್ಲೇ. ಎಲ್ಲಾನೂ ಇಲ್ಲಿಂದಾನೇ ಹೋಗಿದ್ದು ಅನ್ನೋ ಚಟ ಬಿಡ್ಬೇಕು ನಾವು.

ಮಲ್ಲಿಗೆ_ಮನೆ
ಚಟ ಅಂತೆಲ್ಲಾ ಅನ್ಬೇಡಿ. ಇದೆ ಅಂದೆ ಅಷ್ಟೇ.

ಸುಮ್ನೆ_ಓದೋನು
ಜಗಳ ಬೇಡ ಪ್ಲೀಸ್. 1796ರಿಂದ 1810ರ ಮಧ್ಯೆ?

ಹಳೇಪುಸ್ತಕ
ಊರೂರು ಅಲೆದಾಟ. ಸಂಸಾರ ಕಟ್ಕೊಂಡು ಒಂದೂರಲ್ಲಿ ನಿಲ್ಲದೆ ಗಾಡಿ ಕಟ್ಟಿದ್ದೇ ಕಟ್ಟಿದ್ದು. ಬರಹಗಳ ಲೆಕ್ಕಕ್ಕೆ 1805 ದೊಡ್ಡ ವರ್ಷ. ಲ್ಯಾಟಿನ್‌ನಲ್ಲಿ ಒಂದು ಪುಸ್ತಕ, ಆರೋಗ್ಯವಂತರ ಮೇಲೆ 27 ಔಷಧಿಗಳು ಏನೇನು ಮಾಡ್ತವೆ ಅನ್ನೋ ಪಟ್ಟಿ. ಅದೇ ವರ್ಷ ಅನುಭವದ ವೈದ್ಯ ಅನ್ನೋ ಅರ್ಥ ಬರೋ ಪ್ರಬಂಧ, ಅದನ್ನ ಆರ್ಗನಾನ್‌ನ ಕರಡು ಅಂತಾನೇ ಓದಬಹುದು. 1807ರಲ್ಲಿ ಹೋಮಿಯೋಪಥಿಕ್ ಅನ್ನೋ ಪದ ಮೊದಲ ಸಲ ಅಚ್ಚಲ್ಲಿ ಬಂತು, ಅದೂ ಹುಫೆಲಾಂಡ್ ಪತ್ರಿಕೇಲೇ. 1810ರಲ್ಲಿ ಡ್ರೆಸ್ಡೆನ್‌ನಲ್ಲಿ ಆರ್ಗನಾನ್. ಆಮೇಲೆ 1811ರಿಂದ 1821ರವರೆಗೆ ಆರು ಸಂಪುಟ ಮೆಟೀರಿಯಾ ಮೆಡಿಕಾ ಪ್ಯೂರಾ (ಔಷಧಿಗಳ ಗುಣಗಳ ಪುಸ್ತಕ), 1828ರಿಂದ ದೀರ್ಘಕಾಲದ ರೋಗಗಳ ಪುಸ್ತಕ. ಇಷ್ಟೇ ಮುಖ್ಯ.

ಫಿಲ್ಟರ್_ಕಾಫಿ
ನಾನು ಬೇರೆ ಒಂದು ಕೇಳಿದ್ದೆ, ಕಾಫಿ ಬಗ್ಗೆನೂ ಅವ್ರು ಏನೋ ಬರೆದಿದ್ದಾರಂತೆ? ಹೋಮಿಯೋ ಡಾಕ್ಟ್ರು ಎಲ್ರೂ ಮೊದ್ಲು ಕಾಫಿ ಬಿಡಿ ಅಂತಾರಲ್ಲ, ಹೊಟ್ಟೆ ಉರಿಯುತ್ತೆ ನಂಗೆ

ಹಳೇಪುಸ್ತಕ
ಬರೆದಿದ್ದಾರೆ, 1803ರಲ್ಲಿ, ಕಾಫಿಯ ಪರಿಣಾಮಗಳು ಅಂತ ಪ್ರತ್ಯೇಕ ಕಿರುಪುಸ್ತಕಾನೇ. ದೀರ್ಘಕಾಲದ ಕಾಯಿಲೆಗಳಲ್ಲಿ ಎಷ್ಟೋ ಕಾಫಿಯಿಂದಾನೇ ಬರೋದು ಅಂತ. ಹಲ್ಲು ಹಾಳಾಗೋದು, ನಿದ್ದೆ ಬರದಿರೋದು, ತಲೆನೋವು, ಎಲ್ಲಕ್ಕೂ ಕಾಫಿ ಮೇಲೆ ಆರೋಪ. ಮಜಾ ಏನಪ್ಪಾ ಅಂದ್ರೆ, 1828ರಲ್ಲಿ ಸೋರಾ ಅನ್ನೋ ಹೊಸ ಆರೋಪಿ ಸಿಕ್ಕಿದ ಮೇಲೆ ಕಾಫಿ ಮೇಲೆ ಹೊರಿಸಿದ್ದು ಸ್ವಲ್ಪ ಜಾಸ್ತಿ ಆಯ್ತು ಅಂತ ಅಡಿಟಿಪ್ಪಣಿ ಹಾಕಿದ್ರು.

ಫಿಲ್ಟರ್_ಕಾಫಿ
ಅಡಿಟಿಪ್ಪಣೀಲಿ!! ಆರೋಪ ಪುಸ್ತಕದಲ್ಲಿ, ಬಿಡುಗಡೆ ಅಡಿಟಿಪ್ಪಣೀಲಿ. ಚಿಕ್ಕಮಗಳೂರಿಗೆ ಮಾನನಷ್ಟ ಪರಿಹಾರ ಕೊಡ್ಬೇಕು

ಧಾರವಾಡ_ಪೇಢಾ
ನಾವು ಚಹಾ ಮಂದಿ, ನಮಗೇನ ಸಂಬಂಧ ಇಲ್ಲ

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
ಚಹಾನೂ ಬೇಡ ಅಂದಿದ್ದಾರೆ ಸರ್ 😅

ಗುಳಿಗೆ_ಗುಂಡಣ್ಣ
ಸೋರಾ ಅಂದ್ರೆ ಕಜ್ಜಿ ತಾನೆ? ಕಜ್ಜಿನ ಮುಲಾಮು ಹಾಕಿ ಒಳಗೆ ತಳ್ಳಿದ್ರೆ ಅಸ್ತಮಾ, ಹುಚ್ಚು, ಕ್ಯಾನ್ಸರ್ ಎಲ್ಲಾ ಬರುತ್ತೆ ಅಂತ. ಇದನ್ನ ಇವತ್ತಿಗೂ ಸಿಲಬಸ್‌ನಲ್ಲಿ ಇಟ್ಕೊಂಡಿದೀರಾ?

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
ಬರೀ ಕಜ್ಜಿ ಅಲ್ಲ, ಮಯಾಸಂ ಅಂತ, ಅಂದ್ರೆ ದೀರ್ಘಕಾಲದ ರೋಗಗಳ ಮೂಲ. ಸೋರಾ, ಸೈಕೋಸಿಸ್, ಸಿಫಿಲಿಸ್ ಅಂತ ಮೂರು. ಈಗ ಅದನ್ನ ಪ್ರವೃತ್ತಿ ಅನ್ನೋ ಅರ್ಥದಲ್ಲಿ ಪಾಠ ಮಾಡ್ತಾರೆ. ಇನ್ನೊಂದು, ಸೋರಾ ಸಿದ್ಧಾಂತಾನ ಹಾನಿಮನ್ ಬದುಕಿದ್ದಾಗಲೇ ಅವರ ಶಿಷ್ಯರಲ್ಲಿ ಎಷ್ಟೋ ಜನ ಒಪ್ಪಿರಲಿಲ್ಲ. ಲೈಪ್‌ಜಿಗ್‌ನಲ್ಲಿ ಅರ್ಧಂಬರ್ಧ ಹೋಮಿಯೋಪಥಿ ಮಾಡೋರ ಮೇಲೆ ಅವರು ಎಗರಾಡಿದ್ದು ದೊಡ್ಡ ಜಗಳಾನೇ.

ಕೆಮಿಸ್ಟ್ರಿ_ಮೇಷ್ಟ್ರು
ಕಜ್ಜಿಗೆ ಕಾರಣ ಒಂದು ಹುಳ, ಸೂಕ್ಷ್ಮದರ್ಶಕದಲ್ಲಿ ಕಾಣುತ್ತೆ. ಮುಲಾಮು ಹಚ್ಚಿ ಹುಳ ಸತ್ರೆ ಕಜ್ಜಿ ಮುಗೀತು. ಒಳಗೆ ಹೋಗೋಕೆ ಏನೂ ಉಳಿದಿರಲ್ಲ.

ಕಡಲತಡಿಯವ
ಮಂಗಳೂರಿನವರು ಯಾರೂ ಮಾತಾಡ್ಲಿಲ್ಲ ಅಲ್ವಾ ಮಾರಾಯ್ರೆ, ಹಾಗಾಗಿ ನಾನೇ ಬರೀತೇನೆ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಎಲ್ರಿಗೂ ಗೊತ್ತುಂಟು, ಆದ್ರೆ ಅದು ಶುರುವಾದದ್ದು ಹೋಮಿಯೋಪಥಿಯಿಂದ ಅಂತ ಎಷ್ಟು ಜನಕ್ಕೆ ಗೊತ್ತುಂಟು? ಅಗಸ್ಟಸ್ ಮುಲ್ಲರ್ ಜರ್ಮನಿಯ ಜೆಸ್ವಿಟ್ ಪಾದ್ರಿ, 1878ರಲ್ಲಿ ಮಂಗಳೂರಿಗೆ ಬಂದದ್ದು, 1880ರಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡ್ಲಿಕ್ಕೆ ಶುರು ಮಾಡಿದ್ರು. ಆಲದ ಮರದ ಅಡಿಯಲ್ಲಿ ಕೂತು ಕೊಡ್ತಿದ್ರು ಅಂತ ಹೇಳ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಮ ಕಟ್ಟಿದ್ರು. ಅವರು ಹೋದದ್ದು 1910ರಲ್ಲಿ. ಈಗ ಅಲ್ಲಿ ಅಲೋಪಥಿ ಮೆಡಿಕಲ್ ಕಾಲೇಜೂ ಉಂಟು, ಹೋಮಿಯೋಪಥಿ ಕಾಲೇಜೂ ಉಂಟು. ಗುಂಡಣ್ಣ ಎಷ್ಟು ನಗಾಡಿದ್ರೂ, ಕುಷ್ಠರೋಗಿಗಳನ್ನ ಯಾರೂ ಹತ್ತಿರ ಸೇರಿಸದ ಕಾಲದಲ್ಲಿ ಅವರು ಸೇರಿಸಿದ್ರಲ್ಲ, ಅದು ದೊಡ್ಡದು.

ಗುಳಿಗೆ_ಗುಂಡಣ್ಣ
ಅದಕ್ಕೆ ನಾನು ಕೈ ಮುಗೀತೀನಿ. ಆದ್ರೆ ಅದು ಪಾದ್ರಿಯ ದೊಡ್ಡತನ, 30ಸಿಯದ್ದಲ್ಲ.

ಕಡಲತಡಿಯವ
ಆಯ್ತು ಮಾರಾಯ್ರೆ, ನಿಮ್ಮ ಹತ್ರ ಮಾತಾಡ್ಲಿಕ್ಕೆ ಆಗುದಿಲ್ಲ 🙏

ಧಾರವಾಡ_ಪೇಢಾ
ಭಾರತಕ್ಕ ಮೊದಲ ತಂದವ್ರು ಯಾರು? ಅವ್ರಾ?

ಹಳೇಪುಸ್ತಕ
ಅಲ್ಲ, ಅದಕ್ಕಿಂತ 40 ವರ್ಷ ಮುಂಚೆ. ಟ್ರಾನ್ಸಿಲ್ವೇನಿಯಾದ ಹೋನಿಗ್‌ಬರ್ಗರ್ ಅನ್ನೋನು ಲಾಹೋರಿಗೆ ಬಂದು 1839ರಲ್ಲಿ ಮಹಾರಾಜ ರಣಜಿತ್ ಸಿಂಗ್‌ಗೆ ಚಿಕಿತ್ಸೆ ಕೊಟ್ಟ.

ಗುಳಿಗೆ_ಗುಂಡಣ್ಣ
ರಣಜಿತ್ ಸಿಂಗ್ ತೀರ್ಕೊಂಡಿದ್ದು ಯಾವ ವರ್ಷ ಸ್ವಾಮಿ?

ಹಳೇಪುಸ್ತಕ
1839 😐

ಗುಳಿಗೆ_ಗುಂಡಣ್ಣ
🤐

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
ಅವರಿಗೆ ಮುಂಚೇನೇ ಪಾರ್ಶ್ವವಾಯು ಹೊಡೆದಿತ್ತು, ಅದನ್ನೂ ಹೇಳಿ. ನಿಜವಾಗ್ಲೂ ಹೆಸರು ಹೇಳ್ಬೇಕಾದ್ದು ಕಲ್ಕತ್ತಾದ ಮಹೇಂದ್ರಲಾಲ್ ಸರ್ಕಾರ್ ಅವರದ್ದು. 1863ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಎಂಡಿ, ಮೊದ್ಲು ಹೋಮಿಯೋಪಥಿನ ಬೈಕೊಂಡೇ ಓಡಾಡ್ತಿದ್ದವರು. 1867ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್‌ನ ಬಂಗಾಳ ಶಾಖೆಯ ಸಭೇಲೇ ಎದ್ದು ಹೋಮಿಯೋಪಥಿ ಪರವಾಗಿ ಮಾತಾಡಿದ್ರು, ಜೊತೆಯವರೆಲ್ಲಾ ಬಹಿಷ್ಕಾರ ಹಾಕಿದ್ರು. ರಾಮಕೃಷ್ಣ ಪರಮಹಂಸರ ಗಂಟಲು ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡ್ತಿದ್ದ ಡಾಕ್ಟರು ಇವರೇ.

ಕೆಮಿಸ್ಟ್ರಿ_ಮೇಷ್ಟ್ರು
ಅದೇ ಸರ್ಕಾರ್ ಅವರು 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆಯಲ್ಲೇ ಸರ್ ಸಿ.ವಿ. ರಾಮನ್ 1928ರಲ್ಲಿ ರಾಮನ್ ಪರಿಣಾಮ ಕಂಡುಹಿಡಿದಿದ್ದು. ಬೆಂಗಳೂರಿಗೆ ಬಂದಿದ್ದು ಆಮೇಲೆ. ಸಂಜೆ ಆಫೀಸ್ ಮುಗಿಸಿ ಬಂದು ಆ ಲ್ಯಾಬಲ್ಲಿ ಕೆಲ್ಸ ಮಾಡ್ತಿದ್ರು ಅಂತ ನಾವು ಕ್ಲಾಸಲ್ಲಿ ಹೇಳ್ತೀವಲ್ಲ, ಅದೇ ಬಿಲ್ಡಿಂಗು. ಇದನ್ನ ನಾನು ಹೋಮಿಯೋಪಥಿ ಖಾತೆಗೆ ಜಮಾ ಮಾಡೋಕೆ ತಯಾರಿಲ್ಲ, ಆದ್ರೂ ಕೇಳೋಕೆ ಚೆನ್ನಾಗಿದೆ.

ಸ್ಟಟ್‌ಗಾರ್ಟ್_ಕನ್ನಡಿಗ
ತಡವಾಗಿ ನೋಡ್ದೆ. ನಾನಿರೋ ಊರಲ್ಲೇ ಹಾನಿಮನ್ ಅವರ ರೋಗಿಗಳ ದಿನಚರಿ ಪುಸ್ತಕಗಳು ಇರೋದು, ರಾಬರ್ಟ್ ಬಾಶ್ ಹೆಸರಿನ ವೈದ್ಯ ಇತಿಹಾಸ ಸಂಸ್ಥೇಲಿ. ಹೌದು, ಬೆಂಗಳೂರಲ್ಲಿ ಫ್ಯಾಕ್ಟರಿ ಇರೋ ಅದೇ ಬಾಶ್. ಕಂಪನಿ ಕಟ್ಟಿದ ರಾಬರ್ಟ್ ಬಾಶ್ ಹೋಮಿಯೋಪಥಿ ಅಭಿಮಾನಿ, ರಿಚರ್ಡ್ ಹೇಲ್ ಅನ್ನೋ ವೈದ್ಯ ಕೂಡಿಟ್ಟಿದ್ದ ಹಾನಿಮನ್ ಸಂಗ್ರಹ ಅವರ ಕೈ ಸೇರ್ತು.

ಆರನೇ ಆವೃತ್ತಿ ಕಥೆ ಕೇಳಿದ್ರಲ್ಲ, ಅದು ಸಿನಿಮಾ ಥರಾನೇ ಇದೆ. ಹಾನಿಮನ್ ಮೊದಲ ಹೆಂಡತಿ 1830ರಲ್ಲಿ ಹೋದ್ರು. 1834ರಲ್ಲಿ ಪ್ಯಾರಿಸ್‌ನಿಂದ ಮೆಲನಿ ಅನ್ನೋ ಚಿತ್ರಕಲಾವಿದೆ, ಗಂಡಸಿನ ಬಟ್ಟೆ ಹಾಕ್ಕೊಂಡು, ಚಿಕಿತ್ಸೆಗೆ ಅಂತ ಜರ್ಮನೀಲಿ ಹಾನಿಮನ್ ಇದ್ದ ಕ್ಯೋಥೆನ್ ಊರಿಗೆ ಬಂದ್ಳು. 1835ರ ಜನವರಿಯಲ್ಲಿ ಮದುವೆ, ಅವಳಿಗೆ 34, ಇವರಿಗೆ 79. ಇಬ್ರೂ ಪ್ಯಾರಿಸ್‌ಗೆ ಹೋದ್ರು, ಮುದುಕರು ಅಲ್ಲಿ ಹೊಸ ಹುರುಪಲ್ಲಿ ಪ್ರಾಕ್ಟೀಸ್ ಮಾಡಿದ್ರು. ಐದನೇ ಆವೃತ್ತಿಯ ಪ್ರತಿ ಒಂದರ ಪುಟಗಳ ಮಧ್ಯೆ ಖಾಲಿ ಹಾಳೆ ಹೊಲಿಸಿ, ಅದರಲ್ಲಿ ತಮ್ಮ ಸಣ್ಣ ಕೈಬರಹದಲ್ಲಿ ತಿದ್ದಿ ತಿದ್ದಿ 1842ರಲ್ಲಿ ಆರನೇ ಆವೃತ್ತಿ ಮುಗಿಸಿದ್ರು. 1843ರ ಜುಲೈ 2ರಂದು ತೀರ್ಕೊಂಡ್ರು. ಹಸ್ತಪ್ರತಿ ಮೆಲನಿ ಕೈಲಿ. ಬೇರೆಯವರು ಕೇಳಿದ್ರೆ ದೊಡ್ಡ ಮೊತ್ತ ಕೇಳ್ತಿದ್ಳು. ಅವಳು 1878ರಲ್ಲಿ ಸತ್ತ ಮೇಲೆ ಸಾಕುಮಗಳ ಮನೆ ಸೇರಿ ವೆಸ್ಟ್‌ಫಾಲಿಯಾದಲ್ಲಿ ಕೂತಿತ್ತು. ಮೊದಲನೇ ಮಹಾಯುದ್ಧ ಮುಗಿದ ಮೇಲೆ 1920ರಲ್ಲಿ ಹೇಲ್ ಅದನ್ನ ಕೊಂಡ್ಕೊಂಡು 1921ರಲ್ಲಿ ಅಚ್ಚು ಹಾಕಿಸಿದ್ರು. ಮೂಲಪ್ರತಿ ಈಗ ಇರೋದು ಜರ್ಮನೀಲೂ ಅಲ್ಲ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ವಿಶ್ವವಿದ್ಯಾಲಯದ ಲೈಬ್ರರೀಲಿ.

ಮಲ್ಲಿಗೆ_ಮನೆ
ಮೆಲನಿ ದುಡ್ಡಿಗೆ ಕೂತಿದ್ಳು ಅಂತ ಬರೆಯೋರೆಲ್ಲಾ ಗಂಡಸ್ರೇ ಅಲ್ವಾ? ಅವಳೂ ರೋಗಿಗಳನ್ನ ನೋಡ್ತಿದ್ಳು. 1847ರಲ್ಲಿ ಲೈಸೆನ್ಸ್ ಇಲ್ದೆ ವೈದ್ಯ ಮಾಡ್ತಾಳೆ ಅಂತ ಪ್ಯಾರಿಸ್‌ನಲ್ಲಿ ಕೇಸ್ ಹಾಕಿ ಶಿಕ್ಷೆ ಕೊಟ್ರು. ಆಗ ಹೆಂಗಸರಿಗೆ ಅಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿಸ್ತಾನೇ ಇರ್ಲಿಲ್ಲ, ಲೈಸೆನ್ಸ್ ಎಲ್ಲಿಂದ ತರ್ಬೇಕಿತ್ತು?

ಸ್ಟಟ್‌ಗಾರ್ಟ್_ಕನ್ನಡಿಗ
ಮಾತು ಸರಿ ಇದೆ.

ಸುಮ್ನೆ_ಓದೋನು
ಸೂಪರ್. ಹಾಗಾದ್ರೆ ಆ ಎರಡು ಸಲ, ನೂರು ಸಲ ಕುಲುಕೋದು?

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
5ನೇ ಆವೃತ್ತಿ 1833ರದ್ದು, ಅದರ 270ನೇ ಪರಿಚ್ಛೇದದಲ್ಲಿ ಪ್ರತಿ ಸೀಸೆಗೆ ಎರಡು ಸಲ ಕುಲುಕು ಸಾಕು ಅಂತಿದೆ, ಜಾಸ್ತಿ ಆದ್ರೆ ಔಷಧಿ ತೀರಾ ಜೋರಾಗುತ್ತೆ ಅನ್ನೋ ಭಯ. 6ನೇದರಲ್ಲಿ ಅದೇ ಪರಿಚ್ಛೇದ ಪೂರ್ತಿ ಬೇರೆ. ಮೊದ್ಲು ಒಂದು ಗ್ರೇನ್ (ಹಳೇ ಕಾಲದ ಒಂದು ಸಣ್ಣ ತೂಕ) ಔಷಧಿನ 100 ಗ್ರೇನ್ ಹಾಲಿನ ಸಕ್ಕರೆ ಜೊತೆ ಪಿಂಗಾಣಿ ಕಲ್ಬತ್ತಿನಲ್ಲಿ ಅರೀಬೇಕು. ಸಕ್ಕರೆನ ಮೂರು ಪಾಲು ಮಾಡಿ, ಆರೇಳು ನಿಮಿಷ ಅರೆಯೋದು, ಮೂರ್ನಾಕು ನಿಮಿಷ ಕೆರೆಯೋದು, ಮತ್ತೆ ಅರೆಯೋದು, ಹೀಗೆ ಒಂದು ಗಂಟೆ. ಇದು ಮೂರು ಸಲ. ಆಮೇಲೆ ದ್ರವ ಮಾಡಿ ಪ್ರತಿ ಹಂತಕ್ಕೂ ನೂರು ಸಲ, ಗಟ್ಟಿ ಆದ್ರೆ ಪುಟಿಯೋ ಅಂಥ ವಸ್ತು ಮೇಲೆ, ಚರ್ಮದ ಹೊದಿಕೆಯ ಪುಸ್ತಕದ ಮೇಲೆ ಬಡೀರಿ ಅಂತಾರೆ. ಪ್ರಮಾಣಾನೂ 1ಕ್ಕೆ 100 ಅಲ್ಲ, 1ಕ್ಕೆ 50,000. ಲ್ಯಾಬ್‌ನಲ್ಲಿ ಅರೆದು ಅರೆದು ನಮ್ ಕೈ ಬಿದ್ದೋಗುತ್ತೆ, ಸುಮ್ನೆ ಆಡ್ಕೋಬೇಡಿ.

ಹಳೇಪುಸ್ತಕ
ಹಾನಿಮನ್ ಹುಟ್ಟಿದ್ದು ಮೈಸೆನ್, ಪಿಂಗಾಣಿಗೆ ಯುರೋಪಿನಲ್ಲೇ ಹೆಸರಾದ ಊರು, ಅಪ್ಪ ಅಲ್ಲಿ ಪಿಂಗಾಣಿ ಮೇಲೆ ಚಿತ್ರ ಬರೀತಿದ್ದೋರು. ಮಗ ಕೊನೇತನಕ ಪಿಂಗಾಣಿ ಕಲ್ಬತ್ತು ಬಿಡ್ಲಿಲ್ಲ.

ನನ್ನ ವಾದ ಇಷ್ಟೇ, ಆರ್ಗನಾನ್ ಅನ್ನೋದು ಒಂದು ಪುಸ್ತಕ ಅಲ್ಲ, ಆರು ಪುಸ್ತಕ. 1810, 1819, 1824, 1829, 1833, 1842. ಶೀರ್ಷಿಕೆನೇ ಬದಲಾಯ್ತು, ಮೊದಲನೇದು ವೈಚಾರಿಕ ವೈದ್ಯದ ಆರ್ಗನಾನ್, ಎರಡನೇದ್ರಿಂದ ವೈದ್ಯಕಲೆಯ ಆರ್ಗನಾನ್. ಜೀವಶಕ್ತಿಯ ಮಾತು ಐದನೇದ್ರಲ್ಲಿ ಪುಟ ಪುಟದಲ್ಲಿ ಎದ್ದು ಕಾಣುತ್ತೆ, ಮೊದಲನೇದ್ರಲ್ಲಿ ಹಾಗಿಲ್ಲ. ಜನ ಅದನ್ನ ಭಗವದ್ಗೀತೆ ಥರ ಇಟ್ಕೊಂಡು ಹಾನಿಮನ್ ಹೀಗಂದ್ರು ಅಂತಾರೆ. ಯಾವ ಹಾನಿಮನ್? 1796ರ ಡೌಟ್ ಪಡೋ ಹಾನಿಮನ್ನಾ, 1828ರ ಕಜ್ಜಿ ಹಾನಿಮನ್ನಾ?

ಕೆಮಿಸ್ಟ್ರಿ_ಮೇಷ್ಟ್ರು
ನಾನೂ ಒಂದು ಸೇರಿಸ್ತೀನಿ. ಹಾನಿಮನ್ ಬದುಕಿದ್ದಾಗಲೇ ಇದನ್ನ ಸರಿಯಾಗಿ ಪರೀಕ್ಷೆ ಮಾಡಿದ್ರು, 1835ರಲ್ಲಿ ನ್ಯೂರೆಂಬರ್ಗ್‌ನಲ್ಲಿ. ಫಾನ್ ಹೋವೆನ್ ಅನ್ನೋ ವೈದ್ಯಾಧಿಕಾರಿ ಹೋಮಿಯೋಪಥಿ ವಿರುದ್ಧ ಬರೆದ, ರಾಯ್ಟರ್ ಅನ್ನೋ ಹೋಮಿಯೋಪಥ್ ಸವಾಲ್ ಹಾಕ್ದ, ಅಡುಗೆ ಉಪ್ಪಿನ 30ಸಿ ಕುಡೀರಿ, ಏನಾದ್ರೂ ಅನ್ನಿಸೇ ಅನ್ಸುತ್ತೆ ಅಂತ. ಸರಿ ಅಂತ ಊರಿನವರು ಒಂದು ಹೋಟೆಲಲ್ಲಿ ಸೇರಿದ್ರು. 100 ಸೀಸೆ, ಕಲಸಿ ಎರಡು ಪಾಲು, ಒಂದರಲ್ಲಿ ಬರೀ ಹಿಮ ಕರಗಿಸಿದ ನೀರು, ಇನ್ನೊಂದರಲ್ಲಿ ಉಪ್ಪಿನ 30ಸಿ. ಯಾವ ಸೀಸೇಲಿ ಏನು ಅಂತ ಕುಡಿಯೋನಿಗೂ ಗೊತ್ತಿಲ್ಲ, ಹಂಚೋನಿಗೂ ಗೊತ್ತಿಲ್ಲ. ಪಟ್ಟಿ ಮುಚ್ಚಿ ಸೀಲ್ ಮಾಡಿದ್ರು. 50 ಜನ ವರದಿ ಕೊಟ್ರು, 42 ಜನಕ್ಕೆ ಏನೂ ಇಲ್ಲ. ಏನೋ ಅನ್ನಿಸ್ತು ಅಂದ 8 ಜನರಲ್ಲಿ 5 ಜನ ಉಪ್ಪು ಕುಡಿದವರು, 3 ಜನ ಬರೀ ನೀರು ಕುಡಿದವರು. ಇವತ್ತು ಔಷಧಿ ಪರೀಕ್ಷೆಗೆ ನಾವು ಬಳಸೋ ಪದ್ಧತಿಯ ಅಸಲು ರೂಪ ಇದು, ಹೋಮಿಯೋಪಥಿಯ ಪುಣ್ಯದಿಂದ ಹುಟ್ಟಿದ್ದು.

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
5 ಮತ್ತು 3, ಉಪ್ಪಿನ ಕಡೆ ಜಾಸ್ತಿನೇ ಇದೆ 🙂 ಜೊತೆಗೆ ಹಾನಿಮನ್ ಹೇಳಿದಂಗೆ ಪಥ್ಯ ಇಟ್ಕೊಂಡು, ಸೂಕ್ಷ್ಮವಾಗಿ ಗಮನಿಸೋಕೆ ಬರೋರು ಮಾಡ್ಬೇಕು. ಹೋಟೆಲಲ್ಲಿ ಸೇರಿದ ಊರ ಜನ ಅಲ್ಲ.

ಕೆಮಿಸ್ಟ್ರಿ_ಮೇಷ್ಟ್ರು
ಸವಾಲು ಹಾಕಿದ್ದು ನಿಮ್ಮವರೇ ತಮ್ಮಾ. ಯಾರಿಗೆ ಕೊಟ್ರೂ ಹತ್ತಕ್ಕೆ ಒಂದು ಬಾಜಿ ಅಂದಿದ್ದ ರಾಯ್ಟರ್.

ಮಲ್ಲಿಗೆ_ಮನೆ
ಲಸಿಕೆನೂ ಇದೇ ತತ್ವ ತಾನೇ?

ಕೆಮಿಸ್ಟ್ರಿ_ಮೇಷ್ಟ್ರು
ಅಲ್ಲ. ಜೆನ್ನರ್ ಗೋಸಿಡುಬಿನ ಲಸಿಕೆ ಬಗ್ಗೆ ಬರೆದಿದ್ದು 1798ರಲ್ಲಿ, ಹಾನಿಮನ್ ಅದನ್ನ ತಮ್ಮ ತತ್ವಕ್ಕೆ ಉದಾಹರಣೆ ಅಂತ ಆರ್ಗನಾನ್‌ನಲ್ಲಿ ಬಳಸ್ಕೊಂಡಿದ್ದಾರೆ ಅನ್ನೋದು ನಿಜ. ಆದ್ರೆ ಲಸಿಕೇಲಿ ಅಳೆಯೋಕಾಗೋ ವಸ್ತು ಇರುತ್ತೆ, ರಕ್ತದಲ್ಲಿ ಪ್ರತಿಕಾಯ ಹುಟ್ಟೋದನ್ನ ಪರೀಕ್ಷೆ ಮಾಡಿ ತೋರಿಸಬಹುದು, ಕೊಡೋದೂ ರೋಗ ಬರೋಕೆ ಮುಂಚೆ. ಗುಳಿಗೆ ನಂಬಿ ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ, ಅದೊಂದು ಕೇಳ್ಕೊತೀನಿ.

ಕಡಲತಡಿಯವ
ಅದಂತೂ ಹೌದು.

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
ಲಸಿಕೆ ವಿಷ್ಯದಲ್ಲಿ ನಾನೂ ಮೇಷ್ಟ್ರ ಕಡೆ.

ಅಡ್ಮಿನ್
ಈಗಿನ ಚಿಕಿತ್ಸೆ ಬಗ್ಗೆ ಮಾತಾಡೋರು ಆರೋಗ್ಯ ವಿಭಾಗಕ್ಕೆ ಹೋಗಿ. ಇಲ್ಲಿ ಇತಿಹಾಸ ಮಾತ್ರ. ಗುಂಡಣ್ಣ, ನಿಮ್ಮ ಎರಡು ಕಾಮೆಂಟ್ ತೆಗೆದಿದೀನಿ.

ಗುಳಿಗೆ_ಗುಂಡಣ್ಣ
ತೆಗೆದಷ್ಟೂ ಪವರ್ ಜಾಸ್ತಿ ಆಗುತ್ತೆ ಅಡ್ಮಿನ್ ಸಾರ್

ಧಾರವಾಡ_ಪೇಢಾ
😂😂 ಇದು ಛಲೋ ಇತ್ತು

ಸುಮ್ನೆ_ಓದೋನು
ಸರಿ, ಓದೋದಾದ್ರೆ ಯಾವ್ದರಿಂದ ಶುರು ಮಾಡ್ಲಿ? ಜರ್ಮನ್ ಬರಲ್ಲ.

ಹಳೇಪುಸ್ತಕ
ಇಂಗ್ಲಿಷ್‌ನಲ್ಲಿ ಓದ್ಕೋಬಹುದು. ರಾಬರ್ಟ್ ಡಜನ್ (Dudgeon) ಅನ್ನೋ ಸ್ಕಾಟ್ಲೆಂಡ್ ಮೂಲದ ವೈದ್ಯ 1851ರಲ್ಲಿ ಹಾನಿಮನ್ ಅವರ ಬಿಡಿ ಬರಹಗಳನ್ನೆಲ್ಲಾ ಒಟ್ಟು ಮಾಡಿ ತಂದಿದ್ದಾನೆ, 1796ರ ಪ್ರಬಂಧ, ಸ್ಕಾರ್ಲೆಟ್ ಜ್ವರ, ಕಾಫಿ, 1805ರದ್ದು ಎಲ್ಲಾ ಒಂದೇ ಕಡೆ ಸಿಗುತ್ತೆ. ಹಕ್ಕುಸ್ವಾಮ್ಯ ಮುಗಿದಿರೋದ್ರಿಂದ ಇಂಟರ್‌ನೆಟ್‌ನಲ್ಲಿ ಪುಕ್ಕಟೆ. ಅದನ್ನ ವರ್ಷದ ಕ್ರಮದಲ್ಲಿ ಓದಿ. ಅಂಗಡೀಲಿ ಸಿಗೋ ಜೋಡಿ ಪುಸ್ತಕದಲ್ಲಿ ಐದನೇದು ಅದೇ ಡಜನ್ ಅನುವಾದ, ಆರನೇದು ಬೋರಿಕ್ ಅನುವಾದ. ಅದನ್ನ ಆಮೇಲೆ ತಗೊಳ್ಳಿ, ಒಂದೇ ಪರಿಚ್ಛೇದದ ಎರಡು ರೂಪ ಪಕ್ಕಪಕ್ಕ ಇಟ್ಕೊಂಡು ಓದಿದ್ರೇನೇ ಮಜಾ.

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
ಮೊದಲ ಪರಿಚ್ಛೇದದ ಅಡಿಟಿಪ್ಪಣಿ ಬಿಡ್ಬೇಡಿ. ವೈದ್ಯನ ಕೆಲ್ಸ ರೋಗಿನ ಗುಣ ಮಾಡೋದು ಅಷ್ಟೇ ಅಂತ ಮೇಲೆ ಹೇಳಿ, ಕೆಳಗೆ ಬರೀ ಸಿದ್ಧಾಂತ ಕಟ್ಕೊಂಡು ಕೂರೋ ವೈದ್ಯರನ್ನ ಚೆನ್ನಾಗಿ ಝಾಡಿಸಿದ್ದಾರೆ.

ಕೆಮಿಸ್ಟ್ರಿ_ಮೇಷ್ಟ್ರು
ಅದನ್ನ ಬರೆದೋರೇ ಆಮೇಲೆ ಸೋರಾ ಸಿದ್ಧಾಂತ ಕಟ್ಟಿದ್ದು.

ಬಿಎಚ್‌ಎಂಎಸ್_ಲಾಸ್ಟ್‌ಬೆಂಚ್
ಮೇಷ್ಟ್ರೇ, ನಾಡಿದ್ದು ನಂಗೆ ಆರ್ಗನಾನ್ ಇಂಟರ್ನಲ್ಸ್ ಇದೆ, ಮುಗಿಸ್ಕೊಂಡು ಬಂದು ಸೋರಾ ಬಗ್ಗೆ ಬೇರೆ ಥ್ರೆಡ್ ಹಾಕ್ತೀನಿ. ಅಲ್ಲಿ ಬನ್ನಿ.

ಫಿಲ್ಟರ್_ಕಾಫಿ
ಡಜನ್ ಪುಸ್ತಕದಲ್ಲಿ ಕಾಫಿ ಪ್ರಬಂಧ ಯಾವ ಪುಟದಲ್ಲಿದೆ ಅಂತ ಯಾರಾದ್ರೂ ಹೇಳಿ, ಲೋಟ ಪಕ್ಕದಲ್ಲಿಟ್ಕೊಂಡೇ ಓದ್ತೀನಿ